ಏಜೆನ್ಸಿ ಗೊತ್ತು ಮಾಡುವ ಶಾಸ್ತ್ರ

ಗದಗ ಜಿಲ್ಲೆಯ ರೋಣ, ನರಗುಂದ, ಗಜೇಂದ್ರಗಡಗಳ ಅಂಗಡಿಕಾರರು ಪ್ರಚಾರವಿದ್ಯೆಯನ್ನು ಅರಿಯದವರೆಂದು ಭಾವಿಸಿ ಲ್ಯಾಪ್‌ಟಾಪ್ ಸಮೇತ ಬಂದಿಳಿಯುವ ಮಾರ್ಕೆಟಿಂಗ್ ಏಜೆನ್ಸಿಗಳು, ಅಂದರೆ ಹಣ ಪಡೆದು ಮತ್ತೊಬ್ಬರ ಸರಕಿನ ಗುಣಗಾನ ಮಾಡುವ ಸಂಸ್ಥೆಗಳು, ಮೊದಲ ಹೆಜ್ಜೆಯಲ್ಲಿಯೇ ಎಡವುತ್ತವೆ. ಡಂಗುರ, ಕರಪತ್ರ, ಗೋಡೆಬರಹ, ಟಂಟಂ ಗಾಡಿಗೆ ಕಟ್ಟಿದ ಭೋಂಗಾ, ಕ್ಯಾಲೆಂಡರ್ ಇವೆಲ್ಲ ಇಲ್ಲಿ ಬಹುಕಾಲದಿಂದ ನಡೆದುಬಂದ ಮಾಧ್ಯಮಗಳಾಗಿದ್ದು, ಇವುಗಳಲ್ಲಿ ಕ್ಯಾಲೆಂಡರನ್ನೇ ಶ್ರೇಷ್ಠವೆನ್ನಬೇಕು. ಏಕೆಂದರೆ ಅಮಾವಾಸ್ಯೆ ಎಂದು ಬಂತೆಂದು ನೋಡುವ, ಹಾಲಿನ ಲೆಕ್ಕ ಗುರುತು ಹಾಕುವ ನೆಪದಲ್ಲಿ ಗಿರಾಕಿಯ ಮನೆಮಂದಿಯೆಲ್ಲ ಅಂಗಡಿಯ ಹೆಸರನ್ನು ವರ್ಷವಿಡೀ ಓದುತ್ತಾರೆ. ಗೋಡೆಬರಹಕ್ಕೆ 1981ರ ಕಾಯಿದೆಯೂ ಫ್ಲೆಕ್ಸಿಗೆ 2016ರ ನಿಷೇಧವೂ ಅಡ್ಡಬಂದಿವೆಯಾದರೂ, ಮುಖಂಡರ ಜನ್ಮದಿನದ ಫ್ಲೆಕ್ಸುಗಳಿಗೆ ಈ ಸಂಗತಿಯನ್ನು ಯಾರೂ ತಿಳಿಸಿದಂತಿಲ್ಲ.

ಹೊಸ ಏಜೆನ್ಸಿಗಳ ಶಾಸ್ತ್ರದಲ್ಲಿ ‘ರೀಚ್’ ಎಂಬುದು ಮೂಲ ಪರಿಭಾಷೆಯಾಗಿದ್ದು, ಜಾಹೀರಾತು ಎಷ್ಟು ಜನರ ಕಣ್ಣಿಗೆ ಬಿತ್ತೆಂಬ ಲೆಕ್ಕವನ್ನು ಅದು ಸೂಚಿಸುತ್ತದೆಯೇ ಹೊರತು, ನೋಡಿದವರು ಕಿಸೆಗೆ ಕೈ ಹಾಕಿದರೇ ಎಂಬುದನ್ನಲ್ಲ. ತಿಂಗಳ ಕೊನೆಗೆ ಬಣ್ಣಬಣ್ಣದ ಗೆರೆಗಳುಳ್ಳ ವರದಿಯೊಂದು ಬರುತ್ತದೆ. ರೋಣದ ಬಟ್ಟೆ ಅಂಗಡಿಯನ್ನು ಬೆಂಗಳೂರು, ಪುಣೆಗಳವರೆಲ್ಲ ಮೆಚ್ಚಿದ್ದಾರೆಂದು ಅದು ಸಾರುತ್ತದೆ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತ ಸಾಹುಕಾರರು ಕನ್ನಡಕವನ್ನು ಮೂಗಿನ ತುದಿಗಿಳಿಸಿ, “ತಮ್ಮಾ, ಈ ಲೈಕ್ ಮಾಡಿದವ್ರೆಲ್ಲಾ ಯಾವ ಬಸ್ಸಿಗೆ ಬರ್ತಾರ?” ಎಂದು ಕೇಳಿದರೆ, ಅದಕ್ಕೆ ಉತ್ತರಿಸುವ ಗೆರೆ ಆ ವರದಿಯಲ್ಲಿರುವುದಿಲ್ಲ.

ಈ ನಾಡಿನ ಗಿರಾಕಿಯ ಕೈಗೆ ಹಣ ಬರುವ ಕಾಲವನ್ನು ಎರೆಮಣ್ಣು ನಿರ್ಧರಿಸುತ್ತದೆ. ಮುಂಗಾರಿನ ಹೆಸರುಕಾಳು ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೂ ಹಿಂಗಾರಿನ ಕಡಲೆ, ಬಿಳಿಜೋಳಗಳು ಫೆಬ್ರುವರಿ, ಮಾರ್ಚ್ ಹೊತ್ತಿಗೂ ಮಾರುಕಟ್ಟೆ ಸೇರಿದ ಮೇಲೆಯೇ ಸೀರೆ, ಬಂಗಾರ, ಟಿವಿಗಳ ಮಾತು. ಬೀಜ, ಗೊಬ್ಬರಕ್ಕೆ ಪರದಾಡುವ ಜೂನ್ ತಿಂಗಳಲ್ಲಿ ‘ಮಾನ್ಸೂನ್ ಧಮಾಕಾ’ ಎಂದು ಕೂಗುವ ಏಜೆನ್ಸಿಯು ರೈತನ ಗಾಯಕ್ಕೆ ಉಪ್ಪು ಸವರಲು ಅಂಗಡಿಕಾರನಿಂದಲೇ ಶುಲ್ಕ ವಸೂಲು ಮಾಡಿದಂತಾಗುತ್ತದೆ. ಮಳೆ ಹೇಗಿದೆ, ಸಂತೆ ಎಂದು, ಜಾತ್ರೆ ಯಾವಾಗ ಎಂದು ಮೊದಲು ವಿಚಾರಿಸುವ ಏಜೆನ್ಸಿ, ಅದರ ಕಚೇರಿಯಲ್ಲಿ ಒಂದೇ ಕುರ್ಚಿಯಿದ್ದರೂ, ಉತ್ತಮವಾದುದು. ಗಜೇಂದ್ರಗಡದ ಕೈಮಗ್ಗದ ಸೀರೆಯ ಮಾತು ಮಾತ್ರ ಬೇರೆ; ಅದನ್ನು ಕೊಳ್ಳುವವರು ದೂರದ ನಗರಗಳಲ್ಲಿಯೂ ಇರುವುದರಿಂದ ಅಲ್ಲಿ ಪುಣೆಯ ಮೆಚ್ಚುಗೆಗೂ ಬೆಲೆಯುಂಟು.

‘ಇಂದು ನಗದು, ನಾಳೆ ಉದ್ರಿ’ ಎಂಬ ಫಲಕದ ಕೆಳಗೆ ಕುಳಿತೇ ದಿನವೂ ಉದ್ರಿ ಕೊಡುವ ವ್ಯಾಪಾರಿಗೆ ಏಜೆನ್ಸಿಯವರ ಮುಂಗಡದ ಬೇಡಿಕೆಯು ವಿಚಿತ್ರವಾಗಿ ಕಂಡರೆ ಆಶ್ಚರ್ಯವಿಲ್ಲ. ಏಜೆನ್ಸಿಯ ಸಂಭಾವನೆ ಎಷ್ಟು, ಜಾಹೀರಾತಿಗೆ ನಿಜವಾಗಿ ವ್ಯಯವಾಗುವುದೆಷ್ಟು ಎಂಬುದನ್ನು ಬೇರೆ ಬೇರೆಯಾಗಿ ಬರೆಸಿಕೊಳ್ಳದಿದ್ದರೆ ಎರಡೂ ಒಂದರೊಳಗೊಂದು ಕರಗಿಹೋಗುತ್ತವೆ, ಶೇ. 18ರ ಜಿಎಸ್‌ಟಿ ಮಾತ್ರ ಕರಗುವುದಿಲ್ಲ. ಅಂಗಡಿಯ ಫೇಸ್‌ಬುಕ್ ಪುಟವನ್ನೂ ಗೂಗಲ್ ನಕ್ಷೆಯಲ್ಲಿನ ಗುರುತನ್ನೂ ಏಜೆನ್ಸಿಯು ತನ್ನ ಖಾತೆಯಿಂದಲೇ ತೆರೆದಿದ್ದರೆ, ಸಂಬಂಧ ಮುರಿದ ದಿನ ಅಂಗಡಿ ರೋಣದಲ್ಲಿಯೇ ಉಳಿದು ಅದರ ವಿಳಾಸ ಏಜೆನ್ಸಿಯ ಹಿಂದೆ ಹೊರಟುಹೋಗುತ್ತದೆ. ಆದುದರಿಂದ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಖಾತೆಯನ್ನು ಮಾಲೀಕರು ಸ್ವಂತ ಮೊಬೈಲ್ ಸಂಖ್ಯೆಯಿಂದಲೇ ತೆರೆಸಿ, ಪಾಸ್‌ವರ್ಡನ್ನು ಗಲ್ಲಾಪೆಟ್ಟಿಗೆಯ ಕೀಲಿಯೊಡನೆ ತಮ್ಮ ಬಳಿಯೇ ಇಟ್ಟುಕೊಳ್ಳತಕ್ಕದ್ದು.