ಎಕ್ಸೆಲ್ ಭಾವ

ಪ್ರವಾಸ ಹೋಗುವವರು ಬೇರೆ, ಪ್ರವಾಸ ಹಾಕುವವರು ಬೇರೆ. ನಮ್ಮ ಭಾವ ಎರಡನೆಯ ಜಾತಿ. ಡಾಲಸ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಸಂಬಳ ಅದಕ್ಕೆ, ಜೀವ ಮಾತ್ರ ಎಕ್ಸೆಲ್ ಶೀಟಿನಲ್ಲಿ. ಅಮ್ಮ ಅಲ್ಲಿಗೆ ಹೋಗಿದ್ದಾಗ ಅಕ್ಕ ಬಾಯಿತಪ್ಪಿ "ಪೆರುಗೆ ಹೋಗಿ ಮಾಚು ಪಿಚು ನೋಡ್ಬೇಕು ರೀ" ಅಂದಳಂತೆ. ಮರುದಿನ ನಾನು ಹಲ್ಲುಜ್ಜುವಷ್ಟರಲ್ಲಿ ಫ್ಯಾಮಿಲಿ ಗ್ರೂಪಿಗೆ ಶೀಟು ಬಂದು ಬಿದ್ದಿತ್ತು. ಹಸಿರು ಎಂದರೆ ಆದದ್ದು, ಹಳದಿ ಎಂದರೆ ಆಗಬೇಕಾದದ್ದು, ಕೆಂಪು ಎಂದರೆ ಅಮ್ಮ.

ಅಮ್ಮ ಕೆಂಪಾದದ್ದಕ್ಕೆ ಕಾರಣವಿತ್ತು. ಮಾಚು ಪಿಚು ಟಿಕೆಟ್ಟಿನಲ್ಲಿರುವ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ತಾಳೆಯಾಗಬೇಕು, ಗೇಟಿನಲ್ಲಿ ನೋಡಿಯೇ ಬಿಡುತ್ತಾರೆ. ಅಮ್ಮನ ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ. ಫಾರಮ್ಮೋ ಅದಿಲ್ಲದೆ ಮುಂದಕ್ಕೆ ಸರಿಯದು.

"ಅತ್ತೆ, ನಿಮ್ಮ ಮನೆತನಕ್ಕೆ ಏನಾದ್ರೂ ಹೆಸರಿತ್ತಾ?"

"ಸೊಟ್ಟಬಾವಿ ಮನೆಯೋರು ಅಂತಿದ್ರು."

ಭಾವ ಅದನ್ನೂ ಹಾಕಿ ನೋಡಿದರು ಎಂದು ಅಕ್ಕನ ಗುಮಾನಿ.

ಇಂಥವರ ಜೊತೆ ಇರುವ ದೊಡ್ಡ ಕಷ್ಟವೆಂದರೆ ಅವರು ಹೇಳುವುದು ಸರಿಯಾಗಿರುತ್ತದೆ. ಕುಸ್ಕೊ ಪಟ್ಟಣ ಸುಮಾರು 3,400 ಮೀಟರ್ ಎತ್ತರದಲ್ಲಿದೆ, ಬೆಟ್ಟದ ಮೇಲಿನ ಮಾಚು ಪಿಚು 2,430ರಲ್ಲಿ. ಅಂದರೆ ನೋಡಲು ಹೋಗುವ ಬೆಟ್ಟಕ್ಕಿಂತ ಇಳಿದುಕೊಳ್ಳುವ ಊರೇ ಎತ್ತರ. ಹಾಗಾಗಿ, ಎತ್ತರಕ್ಕೆ ಮೈ ಒಗ್ಗಲೆಂದು, ಕುಸ್ಕೊದಲ್ಲಿ ವಿಮಾನ ಇಳಿದವರೇ ಕೆಳಗಿನ ಒಯಾಂಟಾಯ್ಟಾಂಬೊಗೆ ಹೋಗಿ ಮಲಗಬೇಕು, ರೈಲು ಹಿಡಿದು ಮಾಚು ಪಿಚು ಮುಗಿಸಬೇಕು, ಕುಸ್ಕೊ ಕೊನೆಗೆ. ಒಳ್ಳೆಯ ಬುದ್ಧಿಯೇ. ಆದರೆ ಅದನ್ನು ಅವರು ನನಗೂ ಫೋನಿನಲ್ಲಿ ವಿವರಿಸಿದರು, ಬರದೇ ಇದ್ದ ನನ್ನ ತಮ್ಮನಿಗೂ ವಿವರಿಸಿದರು, ದಾವಣಗೆರೆಯಲ್ಲಿರುವ ತಮ್ಮನ ಮಾವನಿಗೂ ವಿವರಿಸಿದರು. ಆ ಮಾವನಿಗೋ ಚಾಮುಂಡಿ ಬೆಟ್ಟ ಹತ್ತಿದರೂ ಏದುಸಿರು.

ಶೀಟಿನಲ್ಲಿ ಇಂಕಾ ದೊರೆ ಪಚಾಕುಟಿಗೆ ಒಂದು ಸಾಲು, 1911ರಲ್ಲಿ ಅಲ್ಲಿಗೆ ಹೋದ ಹೈರಮ್ ಬಿಂಗಮ್‌ಗೆ ಅರ್ಧ ಸಾಲು. ಶೌಚಾಲಯಕ್ಕೆ ಮೂರು. ಗೇಟಿನೊಳಗೆ ಆ ವ್ಯವಸ್ಥೆ ಇಲ್ಲವಾದ್ದರಿಂದ ಹೀಗೆ ನಮೂದಿಸಿದ್ದರು: "5:40 — ಶೌಚಾಲಯ. ಎಲ್ಲರೂ. ಬಂದರೂ, ಬರದಿದ್ದರೂ." ಕೊಡೆ ನಿಷಿದ್ಧ, ಸೆಲ್ಫಿ ಕೋಲು ನಿಷಿದ್ಧ, ಊರುಗೋಲಿದ್ದರೆ ತುದಿಗೆ ರಬ್ಬರ್ ಬೇಕು. ಅಮ್ಮನ ಕೋಲಿನ ರಬ್ಬರ್ ಅನ್ನು ಭಾವ ಎಳೆದೆಳೆದು ಪರೀಕ್ಷಿಸಿ ಸಡಿಲ ಮಾಡಿದರು. ಆಮೇಲೆ ಬಿಡಿ ರಬ್ಬರ್‌ಗೆ ಇನ್ನೊಂದು ಸಾಲು ಸೇರಿತು.

ಅಂತೂ ಮೇ ತಿಂಗಳ ಒಂದು ಬೆಳಿಗ್ಗೆ ಆರರ ಟಿಕೆಟ್ಟಿಗೆ ನಾವು ಒಳಗೆ. "6:25–6:40: ವೀಕ್ಷಣೆ, ಫೋಟೊ." ಮೇಲಿನ ಜಗಲಿಯಲ್ಲಿ ನಿಂತರೆ ಎದುರಿಗೆ ಬರೀ ಮೋಡ. ಕೋಟೆಯಿಲ್ಲ, ಹುವಾಯ್ನಾ ಪಿಚು ಶಿಖರವಿಲ್ಲ, ಪಕ್ಕದಲ್ಲಿ ನಿಂತ ಭಾವನೂ ಅರ್ಧ ಇಲ್ಲ. ಆರೂನಲವತ್ತಕ್ಕೆ ಅವರು "ನಡೀರಿ, ಲೇಟಾಯ್ತು" ಎಂದು ಕೆಳಗಿಳಿಸಿದರು. ಮಂಡಿನೋವಿನ ಅಮ್ಮ, ಜೊತೆಗೆ ಗೈಡ್ ಹುಡುಗಿ, ಹಿಂದೆ ಉಳಿದರು.

ನಾವು ಗೋಡೆಗಳ ನಡುವೆ ಇಳಿದು ನಿಂತಾಗ ಮೋಡ ಹರಿಯಿತು. ಭಾವ ಮೇಲಕ್ಕೆ ಓಡಿದರು. ಕಾವಲುಗಾರ ಕೈ ಅಡ್ಡ ಹಿಡಿದ: ದಾರಿ ಒಮ್ಮುಖ, ಬಂದದ್ದು ಬಂದಾಯಿತು. ಭಾವ ಫೋನಿನಲ್ಲಿ ಶೀಟು ತೆಗೆದು ತೋರಿಸಿದರು. ಅವನು ಆಸಕ್ತಿಯಿಂದಲೇ ನೋಡಿದ, ಕೈ ಮಾತ್ರ ಇಳಿಸಲಿಲ್ಲ.

ಬಹಳ ಹೊತ್ತಿನ ಮೇಲೆ ಅಮ್ಮ ಕೋಲೂರಿಕೊಂಡು ಬಂದರು.

"ಅತ್ತೆ, ಕಾಣಿಸ್ತಾ?"

"ಪೂರ್ತಿ ಕಾಣಿಸ್ತು ಅಳಿಯಂದ್ರೇ. ಒಂದು ಲಾಮಾನೂ ಬಂದಿತ್ತು."

"ಫೋಟೊ?"

"ಫೋನು ನಿಮ್ಮ ಬ್ಯಾಗಲ್ಲಲ್ವಾ?"

"ಎಷ್ಟು ಗಂಟೆಗೆ ಮೋಡ ಹೋಯ್ತು?"

ಅಮ್ಮ ಗೈಡ್ ಹುಡುಗಿಯ ಮುಖ ನೋಡಿದರು, ಅವಳು ವಾಚು ನೋಡಿ ಅಂದಾಜು ಹೇಳಿದಳು. ಭಾವ ಕಲ್ಲಿನ ಮೆಟ್ಟಿಲ ಪಕ್ಕ ನಿಂತೇ ತಿದ್ದಿದರು: "6:55, ವೀಕ್ಷಣೆ ಆಯಿತು (ಅತ್ತೆ)." ಆ ಸಾಲಿಗೆ ಹಸಿರು ಬಳಿದರು.