ಮೊಣಕಾಲುದ್ದ ನೀರು: ಒಂದು ಶಾಸ್ತ್ರೀಯ ಜಿಜ್ಞಾಸೆ

ಘಟ್ಟ ಇಳಿದು ಮಲ್ಪೆ, ಪಡುಬಿದ್ರಿ, ಗೋಕರ್ಣಗಳಿಗೆ ಬರುವ ಬಯಲುಸೀಮೆಯ ಯಾತ್ರಿಕರಲ್ಲಿ ಕಡಲನ್ನು ಅಳೆಯಲು ಬಳಕೆಯಲ್ಲಿರುವ ಮಾನ ಒಂದೇ: ಮೊಣಕಾಲು. "ಮೊಣಕಾಲುದ್ದ ನೀರು ದಾಟಲ್ಲ ಕಣೇ" ಎಂಬ ಪ್ರತಿಜ್ಞಾವಾಕ್ಯವನ್ನು ದಡದಲ್ಲಿ ಚಪ್ಪಲಿ ಕಾಯುತ್ತ ಕೂತ ಪತ್ನಿಗೆ ಒಪ್ಪಿಸಿಯೇ ನೀರಿಗಿಳಿಯುವುದು ಸಂಪ್ರದಾಯ. ಆದರೆ ಯಾವ ಕ್ಷಣದ ಮೊಣಕಾಲು ಎಂಬುದನ್ನು ಪೂರ್ವದ ಭಾಷ್ಯಕಾರರು ವಿಚಾರಿಸಿದಂತಿಲ್ಲ. ಅಲೆ ಸರಿದಾಗ ಮೊಣಕಾಲಿಗಿದ್ದ ನೀರು ಮುಂದಿನ ಅಲೆಗೆ ಎದೆಗೇರುತ್ತದೆ; ಹಿಂದಿರುಗುವಾಗ ಪಾದದಡಿಯ ಮರಳನ್ನೂ ಒಯ್ಯುತ್ತದೆ. ಆದ್ದರಿಂದ ಮೊಣಕಾಲು ಸ್ಥಿರವಲ್ಲವೆಂದು ಸಿದ್ಧ. ಪತಿಯೂ ಅಲ್ಲ.

ಇನ್ನು ಪ್ರತ್ಯಕ್ಷ ಪ್ರಮಾಣ. ಅಕ್ಕಪಕ್ಕದಲ್ಲಿ ನೊರೆಯೆದ್ದು ಅಲೆ ಒಡೆಯುತ್ತಿರುವಾಗ ನಡುವೆ ಒಂದೆಡೆ ನೀರು ಸಾಧುವಾಗಿ ಮಲಗಿರುತ್ತದೆ. ಯಾತ್ರಿಕನು ಮಕ್ಕಳನ್ನು ಕರೆದುಕೊಂಡು ಅಲ್ಲಿಗೇ ಹೋಗುತ್ತಾನೆ. ದಡಕ್ಕೆ ನುಗ್ಗಿದ ನೀರೆಲ್ಲ ಮರಳದಿಬ್ಬಗಳ ನಡುವಿನ ಆಳದ ಓಣಿ ಹಿಡಿದು ಕಡಲಿಗೆ ವಾಪಸಾಗುವ ಸೆಳವು ಅದೇ. ಅಲ್ಲಿ ಆಳ ಹೆಚ್ಚು, ಆದ್ದರಿಂದಲೇ ಅಲೆ ಒಡೆಯುವುದಿಲ್ಲ. ಸೆಳವು ತಳಕ್ಕೆ ಎಳೆಯುವುದಿಲ್ಲ, ದೂರಕ್ಕೆ ಒಯ್ಯುತ್ತದೆ. ಎದುರಾಗಿ ಈಜಿದವನು ದಣಿದು ಮುಳುಗುತ್ತಾನೆ. ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಓಣಿಯಿಂದ ಹೊರಬರಬೇಕು. ಆಗದಿದ್ದರೆ ತೇಲುತ್ತ ಕೈಯೆತ್ತಿ ಕೂಗಬೇಕು. ಜೀವನವಿಡೀ ಅಡ್ಡದಾರಿ ಹಿಡಿದ ನಮ್ಮ ಜನ ಅಡ್ಡದಾರಿಯೇ ಪ್ರಾಣ ಉಳಿಸುವ ಈ ಒಂದೇ ಪ್ರಸಂಗದಲ್ಲಿ ನೇರವಾಗಿ ಹೋಗಲು ಹಟ ಹಿಡಿಯುವುದೇಕೆಂಬುದು ಪ್ರತ್ಯೇಕ ಸಂಶೋಧನೆಗೆ ತಕ್ಕ ವಿಷಯ.

ಶಬ್ದ ಪ್ರಮಾಣವೆಂದರೆ ಲೈಫ್‌ಗಾರ್ಡ್‌ನ ಸೀಟಿ. ಇದರ ವಿಶೇಷ ಗುಣವೇನೆಂದರೆ, ಕೇಳಿಸಿಕೊಂಡ ಪ್ರತಿಯೊಬ್ಬನಿಗೂ ಅದು ಪಕ್ಕದವನಿಗೆ ಊದಿದ್ದು.

ಧ್ವಜಮೀಮಾಂಸೆ ಇನ್ನೂ ಗಹನ. ಕೆಂಪು ಬಾವುಟವಿದ್ದರೆ ನೀರಿಗಿಳಿಯಬಾರದು. ಅದು ಸೆಲ್ಫಿಗೆ ಒಳ್ಳೆಯ ಹಿನ್ನೆಲೆ ಎಂಬುದು ನವ್ಯರ ಮತ. ಮೇಲೆ ಕೆಂಪು, ಕೆಳಗೆ ಹಳದಿ ಇರುವ ಎರಡು ಬಾವುಟಗಳ ನಡುವೆ ಲೈಫ್‌ಗಾರ್ಡ್‌ನ ಕಣ್ಣಿರುತ್ತದೆ, ಅಲ್ಲಿಯೇ ಈಜಬೇಕು. ಆದರೆ ನಾಡಧ್ವಜವನ್ನು ತಲೆಕೆಳಗಾಗಿ ಹಾರಿಸಿದ್ದಾರೆಂದು ಅಭಿಮಾನಿಯೊಬ್ಬ ವಾದಕ್ಕಿಳಿಯಬಹುದೆಂದು ಊಹಿಸೋಣ. ವಾದಕ್ಕಿಳಿದಷ್ಟು ಹೊತ್ತು ಆತ ನೀರಿಗಿಳಿಯುವುದಿಲ್ಲ. ಹೀಗೂ ಆ ಬಾವುಟ ಜೀವರಕ್ಷಕವೇ. ಇನ್ನು 2020ರಲ್ಲಿ ಪಡುಬಿದ್ರಿಗೂ ಹೊನ್ನಾವರದ ಕಾಸರಕೋಡಿಗೂ ಸಿಕ್ಕ ಬ್ಲೂ ಫ್ಲ್ಯಾಗ್ ಮಾನ್ಯತೆ. ಅದಕ್ಕೆ 33 ಮಾನದಂಡಗಳುಂಟು. ನೀರಿನ ಶುದ್ಧತೆಯಿಂದ ಹಿಡಿದು ಶೌಚಾಲಯ, ಲೈಫ್‌ಗಾರ್ಡ್‌ವರೆಗೆ ಎಲ್ಲವನ್ನೂ ನೋಡುತ್ತಾರೆ. ಅಲೆಗಳಿಂದ ಮಾತ್ರ ಮುಚ್ಚಳಿಕೆ ಬರೆಸಿಕೊಳ್ಳಲಾಗಿಲ್ಲ.

ಜಲಕ್ರೀಡಾ ಪ್ರಕರಣದಲ್ಲಿ ಒಂದೇ ವಿರೋಧಾಭಾಸ ಸಾಕು. ಬನಾನಾ ರೈಡಿಗೆ ಹತ್ತುವಾಗ ಲೈಫ್ ಜಾಕೆಟ್ಟಿನ ಬಕಲ್ಲುಗಳನ್ನೆಲ್ಲ ಎರಡೆರಡು ಸಲ ಮುಟ್ಟಿ ನೋಡಿಕೊಳ್ಳುವ ಯಾತ್ರಿಕನು, ಇಳಿದೊಡನೆ ಅದನ್ನು ಬಿಚ್ಚಿ ಕೊಟ್ಟು, ಇನ್ನು ನಿಶ್ಚಿಂತೆಯೆಂದು, ಈಜು ಬಾರದಿದ್ದರೂ ಕಡಲಿಗೆ ಹಾರುತ್ತಾನೆ.

ಕೊನೆಯದು ಕಾಲನಿರ್ಣಯ. ಹುಟ್ಟಿದಂದಿನಿಂದ ಕಡಲು ಕಂಡ ಮೊಗವೀರರ ಯಾಂತ್ರಿಕ ದೋಣಿಗಳು ಜೂನ್ 1ರಿಂದ ಜುಲೈ 31ರವರೆಗೆ ಸರಕಾರದ ನಿಷೇಧದಂತೆ ಬಂದರಿನಲ್ಲಿ ಕಟ್ಟಿರುತ್ತವೆ. ಮೀನಿಗೆ ಮರಿ ಮಾಡಲು ಬಿಡುವು, ಕಡಲಿಗೆ ಅಬ್ಬರಿಸಲು ಬಿಡುವು. ಇವರು ದೋಣಿ ಕಟ್ಟಿದ ವಾರವೇ ನಮ್ಮ ಯಾತ್ರಿಕರು ಟೆಂಪೊ ಟ್ರಾವೆಲರ್ ಹತ್ತುತ್ತಾರೆ. ಮಳೆಗಾಲದಲ್ಲಿ ಮಲ್ಪೆಯಲ್ಲಿ ಜನ ನೀರಿಗಿಳಿಯದಂತೆ ದಡದುದ್ದಕ್ಕೂ ಬಲೆ ಕಟ್ಟುತ್ತಾರೆ. ಬಲೆಯ ಆದಿ-ಅಂತ್ಯಗಳನ್ನು ಹುಡುಕುತ್ತ ಹೊರಟ ಜಿಜ್ಞಾಸುವೊಬ್ಬ "ಅಣ್ಣಾ, ಇದಕ್ಕೆ ಗೇಟ್ ಎಲ್ಲಿದೆ?" ಎಂದು ಕೇಳಿದರೆ ಸ್ಥಳೀಯ ಪಂಡಿತರ ಉತ್ತರ ಇಷ್ಟೇ: "ಗೇಟು ಸೆಪ್ಟೆಂಬರಿನಲ್ಲಿ ಉಂಟು ಮಾರಾಯ್ರೆ."