ಟ್ಯಾಲೆಂಟ್ ಮಾಮ

ಏಪ್ರಿಲ್ ಬಂತೆಂದರೆ ಬೆಂಗಳೂರಿನ ಪೂರ್ವಭಾಗದ ಮೈದಾನಗಳಿಗೆ ಬೆಳಗ್ಗೆ ಆರಕ್ಕೇ ಎರಡು ಥರದ ಜನ ಬರುತ್ತಾರೆ. ಒಂದು, ಬೇಸಿಗೆ ಶಿಬಿರಕ್ಕೆ ಫೀಸು ಕಟ್ಟಿ ನಿದ್ದೆಗಣ್ಣಲ್ಲಿ ಬಂದಿಳಿಯುವ ಮಕ್ಕಳು. ಇನ್ನೊಂದು, ಯಾರೂ ಕರೆಯದಿದ್ದರೂ ಬರುವ, ಯಾರೂ ಕೇಳದಿದ್ದರೂ ಹೇಳುವ ಟ್ಯಾಲೆಂಟ್ ಮಾಮ. ಹಲಸೂರಿನ ಗೌತಂಪುರದಲ್ಲಿ ಒಬ್ಬರು, ಗಂಗಾಧರ ಚೆಟ್ಟಿ ರಸ್ತೆಯ ಆರ್‌ಬಿಎಎನ್‌ಎಂಎಸ್ ಮೈದಾನದಲ್ಲಿ ಒಬ್ಬರು, ಆಸ್ಟಿನ್ ಟೌನಿನಲ್ಲಿ ಇಬ್ಬರು (ಅವರಿಬ್ಬರಿಗೂ ಮಾತಿಲ್ಲ), ಕೆ.ಆರ್. ಪುರದ ಕಡೆ ಐಟಿಐ ಕಾಲೊನಿಯಲ್ಲಿ ಒಬ್ಬರು. ಹೆಸರು ಬೇರೆ, ಹೊಟ್ಟೆಯ ಸುತ್ತಳತೆ ಬೇರೆ. ಮಿಕ್ಕದ್ದೆಲ್ಲ ಒಂದೇ.

ಮಾಮನನ್ನು ಗುರುತು ಹಿಡಿಯುವುದು ಕಷ್ಟವಲ್ಲ. ತಲೆಯ ಮೇಲೆ ಬಣ್ಣ ಹೋದ ಟೋಪಿ; ಅದರಲ್ಲಿ ಯಾವುದೋ ಕಾಲದ ಟೂರ್ನಿಯ ಹೆಸರು ಅರ್ಧ ಮಾತ್ರ ಉಳಿದಿರುತ್ತದೆ. ಕೊರಳಲ್ಲಿ ಸೀಟಿ, ಊದುವ ಅಧಿಕಾರ ಮಾತ್ರ ಇಲ್ಲ. ಕಂಕುಳಲ್ಲಿ ಆಟದ ಪುಟ ಹೊರಗೆ ಕಾಣುವಂತೆ ಮಡಿಸಿದ ಪೇಪರು. ಟಚ್‌ಲೈನಿಗೆ ಎರಡು ಹೆಜ್ಜೆ, ಟೀ ಅಂಗಡಿಗೆ ಹತ್ತು ಹೆಜ್ಜೆ ದೂರದಲ್ಲಿ ಸ್ಕೂಟರಿಗೆ ಸ್ಟ್ಯಾಂಡ್ ಹಾಕಿ, ಅದರ ಸೀಟಿನ ಮೇಲೆ ಅಡ್ಡಡ್ಡ ಕೂತಿರುತ್ತಾರೆ. ಬೈಗುಳ ತಮಿಳಿನಲ್ಲಿ, ಹೊಗಳಿಕೆ ದಖನಿಯಲ್ಲಿ, ಅಂಕಿಅಂಶ ಇಂಗ್ಲಿಷಿನಲ್ಲಿ, ಭವಿಷ್ಯವಾಣಿ ಕನ್ನಡದಲ್ಲಿ. ಕಂಟೋನ್ಮೆಂಟಿನ ಮೈದಾನಕ್ಕೆ ಇದಕ್ಕಿಂತ ಕಡಿಮೆ ಭಾಷೆ ಸಾಲುವುದಿಲ್ಲ.

ಕೆಲಸ? ಯಾವುದೋ ಸಾರ್ವಜನಿಕ ಉದ್ದಿಮೆಯಲ್ಲಿದ್ದು ವಿಆರ್‌ಎಸ್ ತೆಗೆದುಕೊಂಡವರು. ಸ್ಪೋರ್ಟ್ಸ್ ಕೋಟಾದಲ್ಲಿ ಸೇರಿದ್ದಂತೆ. ಯಾವ ಪೊಸಿಷನ್ ಆಡ್ತಿದ್ರಿ ಮಾಮ ಅಂದರೆ, “ಎಲ್ಲಾ ಪೊಸಿಷನ್ನೂ” ಅನ್ನುತ್ತಾರೆ. ಅದರಲ್ಲಿ ಬೆಂಚೂ ಸೇರಿತ್ತು ಎಂದು ಅವರ ವಾರಗೆಯವರು ಸೇರಿಸುತ್ತಾರೆ.

ಮಾಮ ಚೆಂಡು ನೋಡುವುದಿಲ್ಲ. ಚೆಂಡು ನೋಡುವವರು ಅಪ್ಪ ಅಮ್ಮಂದಿರು. ಮಗ ಗೋಲು ಹೊಡೆದರೆ ಕುಣಿಯುವವರು, ಹೊಡೆಯದಿದ್ದರೆ ಕೋಚ್ ಸರಿಯಿಲ್ಲ ಅನ್ನುವವರು. ಮಾಮ ನೋಡುವುದು ಚೆಂಡು ಬರುವುದಕ್ಕೆ ಮುಂಚಿನ ಕ್ಷಣ. ಪಾಸು ಬರುತ್ತಿರುವಾಗ ಹುಡುಗ ಭುಜದ ಮೇಲಿಂದ ಒಮ್ಮೆ ಹಿಂದೆ ನೋಡಿದನೋ ಇಲ್ಲವೋ? ಫಸ್ಟ್ ಟಚ್‌ನಲ್ಲಿ ಚೆಂಡು ಕಾಲಿಗಂಟಿತೋ, ಶಿವಾಜಿನಗರದವರೆಗೂ ಹೋಯಿತೋ? ಬಲಗಾಲಿನ ಹುಡುಗ ಎಡಗಾಲಿಗೆ ಚೆಂಡು ಬಂದಾಗ ಸುತ್ತು ಹಾಕಿ ಬಲಗಾಲಿಗೇ ತಂದುಕೊಂಡನೋ? ತಂದುಕೊಂಡರೆ ಮಾಮ ಕಣ್ಣು ಮುಚ್ಚಿ, ನಾಲಿಗೆಯಲ್ಲಿ “ತ್ಚು” ಅನ್ನುತ್ತಾರೆ. ಆ ಒಂದು “ತ್ಚು”ವಿನಲ್ಲಿ ಎಷ್ಟೋ ಮಕ್ಕಳ ವೃತ್ತಿಜೀವನ ಮುಗಿದಿದೆ. ಪುಣ್ಯಕ್ಕೆ ಮಕ್ಕಳಿಗೆ ಅದು ಗೊತ್ತಿಲ್ಲ.

ಎರಡನೆಯ ಪರೀಕ್ಷೆ ವಯಸ್ಸಿನದು. ವಯೋಮಿತಿ ಟೂರ್ನಿಗಳಲ್ಲಿ ಸುಳ್ಳು ಹೇಳುವವರನ್ನು ಹಿಡಿಯಲು ಎಡಗೈಯ ಮಣಿಕಟ್ಟಿನ ಎಕ್ಸ್-ರೇ ತೆಗೆದು ಮೂಳೆಯ ವಯಸ್ಸು ಲೆಕ್ಕ ಹಾಕುವ ಟಿಡಬ್ಲ್ಯೂ3 ಎಂಬ ವಿಧಾನವಿದೆ. ಮಾಮನಿಗೆ ಎಕ್ಸ್-ರೇ ಬೇಡ. ಹುಡುಗನನ್ನು ಹತ್ತಿರ ಕರೆದು, “ಎಲ್ಲಿ ಮಗಾ, ಟೈಮೆಷ್ಟು?” ಅನ್ನುತ್ತಾರೆ. ಅವನು ವಾಚು ನೋಡಲು ಕೈ ಎತ್ತಿದಾಗ ಮಣಿಕಟ್ಟು ನೋಡಿ, ಉತ್ತರ ಹೇಳಿದಾಗ ದನಿ ಕೇಳಿ, “ಸರ್ಟಿಫಿಕೇಟಿಗೆ ಹದಿಮೂರು, ಗಂಟಲಿಗೆ ಹದಿನಾರು” ಎಂದು ತೀರ್ಪು ಕೊಡುತ್ತಾರೆ. ಮೂರನೆಯದು ಅಪ್ಪ ಅಮ್ಮನ ಪರೀಕ್ಷೆ. ಗೋಲ್‌ಕೀಪರ್ ಆಗುತ್ತೇನೆ ಅನ್ನುವ ಹುಡುಗನ ಕೈ ನೋಡುವುದಿಲ್ಲ. ಗೇಟಿನಲ್ಲಿ ನಿಂತ ತಾಯಿಯ ಎತ್ತರ ನೋಡುತ್ತಾರೆ. ಆಕೆ ಐದಡಿ ಇದ್ದರೆ, “ಇವನನ್ನ ರೈಟ್ ಬ್ಯಾಕ್ ಮಾಡಿ ಸಾರ್” ಅನ್ನುವ ಸಲಹೆ ಅಲ್ಲೇ ತಯಾರು.

ಇಷ್ಟೆಲ್ಲ ನಗೆಯ ನಡುವೆ ಮಾಮ ಕೆಲವು ಸಲ ಸರಿಯಾದದ್ದನ್ನೇ ಹೇಳಿಬಿಡುತ್ತಾರೆ ಎಂಬುದು ತೊಂದರೆ. ಫುಟ್‌ಬಾಲಿನ ವಯೋಮಿತಿ ಲೆಕ್ಕ ಜನವರಿ 1ರಿಂದ ಶುರು. ಜನವರಿಯಲ್ಲಿ ಹುಟ್ಟಿದವನೂ ಡಿಸೆಂಬರಿನಲ್ಲಿ ಹುಟ್ಟಿದವನೂ ಕಾಗದದ ಮೇಲೆ ಒಂದೇ ಗುಂಪು. ಮೈದಾನದಲ್ಲಿ ಮಾತ್ರ ಮೊದಲನೆಯವನು ಹನ್ನೊಂದು ತಿಂಗಳ ಮುದ್ದೆ ಹೆಚ್ಚು ತಿಂದಿರುತ್ತಾನೆ. ಹಲವು ದೇಶಗಳ ಕಿರಿಯರ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ತುಂಬಿರುತ್ತಾರೆ ಎಂದು ಸಂಶೋಧಕರು 1980ರ ದಶಕದಿಂದ ಹೇಳುತ್ತ ಬಂದಿದ್ದಾರೆ. ಮಾಮ ಯಾವ ಸಂಶೋಧನೆಯನ್ನೂ ಓದಿದವರಲ್ಲ. ಆದರೂ ಸಣಕಲು ಹುಡುಗನನ್ನು ಬಿಡಲು ಹೊರಟ ಕೋಚ್‌ಗೆ, “ಅವನು ಡಿಸೆಂಬರ್ ಐಟಮ್ಮು ಮಗಾ. ಎರಡು ವರ್ಷ ಊಟ ಹಾಕಿ ಆಮೇಲೆ ನೋಡು” ಅನ್ನುತ್ತಾರೆ.

ಇತಿಹಾಸ ಮಾಮನ ನಿಜವಾದ ಆಸ್ತಿ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತ ಫ್ರಾನ್ಸ್ ಎದುರು 1-2ರಿಂದ ಸೋತಿತು. ನಮ್ಮವರು ಬಹುಪಾಲು ಬರಿಗಾಲಲ್ಲಿ ಆಡಿದ್ದರು. ಆ ಒಂದೇ ಒಂದು ಗೋಲು ಬೆಂಗಳೂರಿನ ಸಾರಂಗಪಾಣಿ ರಾಮನ್ ಅವರದು. ಮುಂದೆ ಈಸ್ಟ್ ಬೆಂಗಾಲ್‌ನಲ್ಲಿ ಮೆರೆದ ಅಹ್ಮದ್ ಖಾನ್ ಕೂಡ ಆ ತಂಡದಲ್ಲಿದ್ದ ನಮ್ಮೂರಿನವರೇ. ಮಾಮ ಹುಟ್ಟುವ ಹೊತ್ತಿಗೆ ಆ ಪಂದ್ಯ ಮುಗಿದು ವರ್ಷಗಳಾಗಿದ್ದವು. ಆದರೆ ಭಾರತ ಕೈಚೆಲ್ಲಿದ ಎರಡು ಪೆನಾಲ್ಟಿಗಳನ್ನು ಗೋಲ್‌ಪೋಸ್ಟಿನ ಹಿಂದೆಯೇ ನಿಂತು ನೋಡಿದವರ ಹಾಗೆ ವಿವರಿಸುತ್ತಾರೆ. ಅಲ್ಲಿಂದ 1962ರ ಜಕಾರ್ತ ಏಷ್ಯನ್ ಗೇಮ್ಸ್‌ಗೆ ಜಿಗಿತ. ಚಿನ್ನ ಗೆದ್ದ ತಂಡದಲ್ಲಿ ಬೆಂಗಳೂರಿನ ಅರುಮೈನಾಯಗಂ ಇದ್ದರು. ಅಲ್ಲಿಂದ ಭಾರತ ತಂಡಕ್ಕೆ ಆಡಿದ ಬೆಂಗಳೂರಿನ ಕಾರ್ಲ್‌ಟನ್ ಚಾಪ್‌ಮನ್. ಚಾಪ್‌ಮನ್ 2020ರಲ್ಲಿ ತೀರಿಕೊಂಡರು ಅನ್ನುವಾಗ ಮಾತ್ರ ಮಾಮ ಟೋಪಿ ತೆಗೆಯುತ್ತಾರೆ, ದನಿ ಇಳಿಸುತ್ತಾರೆ. ಆಮೇಲೆ ಟೋಪಿ ಹಾಕಿಕೊಂಡು, “ಅವನನ್ನೂ ನಾನು ಮೊದಲೇ ನೋಡಿದ್ದೆ” ಅನ್ನುತ್ತಾರೆ.

ಮೊದಲೇ ನೋಡಿದ್ದು! ಮಾಮನ ಶಾಸ್ತ್ರಕ್ಕೆ ಅಡಿಪಾಯವೇ ಅದು. ರಾಜ್ಯ ತಂಡಗಳ ಫುಟ್‌ಬಾಲ್ ಟೂರ್ನಿಯಾದ ಸಂತೋಷ್ ಟ್ರೋಫಿಯನ್ನು ನಮ್ಮ ರಾಜ್ಯ 1968-69ರಲ್ಲಿ ಗೆದ್ದಮೇಲೆ ಮತ್ತೆ ಗೆಲ್ಲಲು 54 ವರ್ಷ ಬೇಕಾಯಿತು. 2023ರ ಮಾರ್ಚಿನಲ್ಲಿ ಸೌದಿಯ ರಿಯಾದ್‌ನಲ್ಲಿ ಕರ್ನಾಟಕ ಮೇಘಾಲಯವನ್ನು 3-2ರಿಂದ ಸೋಲಿಸಿದ ಮರುದಿನ, ಪೂರ್ವ ಬೆಂಗಳೂರಿನ ಪ್ರತಿ ಮೈದಾನದಲ್ಲೂ ಒಬ್ಬೊಬ್ಬ ಮಾಮ ಆ ತಂಡವನ್ನು ತಾನೇ ಆರಿಸಿದವನ ಗತ್ತಿನಲ್ಲಿ ಟೀ ಕುಡಿದರು. ಸೋತಿದ್ದರೆ? “ನನ್ನ ಮಾತು ಕೇಳಿದ್ದರೆ ತಾನೇ” ಎನ್ನುವ ವಾಕ್ಯ ಅದೇ ಜೇಬಿನಲ್ಲಿ ಸಿದ್ಧವಿತ್ತು.

ಗೌತಂಪುರವೇ ಒಂದು ವಿಚಿತ್ರ. ವಿಶ್ವಕಪ್ ಬಂದರೆ ಅಲ್ಲಿನ ಗಲ್ಲಿಗಳಿಗೆ ಬ್ರೆಜಿಲ್‌ನ ಹಳದಿ ಬರುತ್ತದೆ. ಪೆಲೆಯ ಪ್ರತಿಮೆಯಿದೆ. ಪೆಲೆ 1977ರಲ್ಲಿ ನಮ್ಮ ದೇಶಕ್ಕೆ ಬಂದು ಆಡಿದ್ದು ಕೋಲ್ಕತ್ತದಲ್ಲಿ. ಪ್ರತಿಮೆ ನಿಂತಿರುವುದು ಹಲಸೂರಿನಲ್ಲಿ. ಅದರ ಕೆಳಗೆ ಬರಿಗಾಲಲ್ಲಿ ಆಡುವ ಹುಡುಗರಿಗೂ, ಇಂದಿರಾನಗರದಿಂದ ಕಾರಿನಲ್ಲಿ ಬಂದಿಳಿಯುವ ಹುಡುಗರಿಗೂ ಮಾಮ ಒಂದೇ ತಕ್ಕಡಿ ಹಿಡಿಯುತ್ತಾರೆ ಎಂದು ಯಾರೂ ತಿಳಿಯಬಾರದು. ಕಾರಿನ ಹುಡುಗನಿಗೆ ಮೆಸ್ಸಿಯ ಹತ್ತನೇ ನಂಬರಿನ ಜೆರ್ಸಿ, ಶಿನ್‌ಗಾರ್ಡು, ಎರಡು ಬಣ್ಣದ ಸ್ಟಡ್ಸು, ನೀಲಿ ನೀರಿನ ಬಾಟಲಿ. ಹಿಂದೆ ಫೋನಿನಲ್ಲಿ ವಿಡಿಯೊ ತೆಗೆಯುತ್ತ ಓಡುವ ಸಾಫ್ಟ್‌ವೇರ್ ಅಪ್ಪ. “ಶೂ ಎಷ್ಟು ಹೊಸದೋ ಕಾಲು ಅಷ್ಟು ದಡ್ಡ” ಎನ್ನುವುದು ಮಾಮನ ಸೂತ್ರ. ಆದರೆ ಆ ಅಪ್ಪ ಹತ್ತಿರ ಬಂದು, “ಅಂಕಲ್, ನಮ್ಮವನು ಹೇಗೆ?” ಎಂದು ಕೇಳಿ, ಕೈಗೆ ಬಿಸಿ ಟೀ ಇಟ್ಟರೆ ಸೂತ್ರ ಸ್ವಲ್ಪ ಸಡಿಲಾಗುತ್ತದೆ. “ವಿಷನ್ ಇದೆ ಸಾರ್” ಅನ್ನುತ್ತಾರೆ. ಹುಡುಗ ಕನ್ನಡಕ ಹಾಕಿರುತ್ತಾನೆ.

ಕ್ರಿಕೆಟ್ ಕಂಡರೆ ಮಾಮನಿಗೆ ಆಗುವುದಿಲ್ಲ. ಆದರೂ ರಾಹುಲ್ ದ್ರಾವಿಡ್‌ರನ್ನು ಬಿಟ್ಟುಕೊಡುವುದಿಲ್ಲ. ಚಿನ್ನಸ್ವಾಮಿ ಕ್ರೀಡಾಂಗಣದ ಬೇಸಿಗೆ ಶಿಬಿರದಲ್ಲಿ ಹುಡುಗ ದ್ರಾವಿಡ್‌ನ ಪ್ರತಿಭೆ ಕಂಡವರು ಕೋಚ್ ಕೇಕಿ ತಾರಾಪೋರ್ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ. ಇಂದಿರಾನಗರದ ಕಡೆ ಕೇಳಿ ನೋಡಿ: ತಾರಾಪೋರ್ ಅವರಿಗಿಂತ ಒಂದು ವಾರ ಮುಂಚೆ ಕಂಡವರು ಬೀದಿಗೆ ನಾಲ್ವರು ಸಿಗುತ್ತಾರೆ. 2021ರ ಒಂದು ಜಾಹೀರಾತಿನಲ್ಲಿ ಶಾಂತ ಸ್ವಭಾವದ ದ್ರಾವಿಡ್ ಇಂದಿರಾನಗರದ ಗೂಂಡಾ ಆಗಿ ಕಾರಿನಿಂದ ಎದ್ದು ಕೂಗಿದ್ದನ್ನು ನೋಡಿ ಊರೆಲ್ಲ ಬೆರಗಾದಾಗಲೂ, “ಆ ಸಿಟ್ಟು ಅವನಲ್ಲಿ ಆಗಲೇ ಇತ್ತು” ಅಂದವರು ನಮ್ಮ ಮಾಮನೇ.

ಈ ಕುಲ ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ ಫೆಬ್ರುವರಿ, ಮಾರ್ಚ್ ಬಂದರೆ ಬೇಸ್‌ಬಾಲ್ ತಂಡಗಳು ಚಳಿ ಬಿಟ್ಟು ಫ್ಲಾರಿಡಾ, ಅರಿಜೋನಾಗಳಿಗೆ ಅಭ್ಯಾಸಕ್ಕೆ ಇಳಿಯುತ್ತವೆ. ಅಲ್ಲಿ ಹೊಸ ಹುಡುಗರನ್ನು ನೋಡಲು ಟೋಪಿ ಹಾಕಿದ ಮುದುಕರು ಸಾಲಾಗಿ ಕೂರುತ್ತಾರೆ. ವ್ಯತ್ಯಾಸವಿಷ್ಟೆ: ಅವರ ಕೈಯಲ್ಲಿ ಸ್ಟಾಪ್‌ವಾಚು, ಚೆಂಡಿನ ವೇಗ ಅಳೆಯುವ ರಾಡಾರ್ ಗನ್ನು, ಹಲವರಿಗೆ ಸಂಬಳ ಬೇರೆ. ಅಷ್ಟಿದ್ದೂ 1988ರಲ್ಲಿ ತಂಡಗಳು ಸರದಿಯ ಮೇಲೆ ಹೊಸಬರನ್ನು ಆರಿಸಿಕೊಂಡಾಗ ಮೈಕ್ ಪಿಯಾಜಾ ಎಂಬ ಹುಡುಗನನ್ನು ಕರೆದದ್ದು 62ನೇ ಸುತ್ತಿನಲ್ಲಿ, 1,390ನೆಯವನಾಗಿ. ಅವನೇ 2016ರಲ್ಲಿ ಆ ಆಟದ ಹಾಲ್ ಆಫ್ ಫೇಮ್ ಸೇರಿದ. ಅವನಿಗಿಂತ ಮುಂಚೆ ಹೆಸರು ಕೂಗಿಸಿಕೊಂಡ 1,389 ಮಂದಿಯ ಬೆನ್ನು ತಟ್ಟಿದ ಮಾಮಂದಿರೂ ಎಲ್ಲೋ ಟೀ ಕುಡಿಯುತ್ತಲೇ ಇದ್ದಾರು.

ಹಾಗಾದರೆ ನಮ್ಮ ಮಾಮ ಬೆನ್ನು ತಟ್ಟಿದವರು ಏನಾದರು? ಒಬ್ಬ ಬ್ಯಾಂಕಿನಲ್ಲಿದ್ದಾನೆ. ಒಬ್ಬ ಪಿಟಿ ಮಾಸ್ತರ. ಒಬ್ಬ ಊಟ ಡೆಲಿವರಿ ಮಾಡುತ್ತಾನೆ. ಸಿಗ್ನಲ್ಲಿನಲ್ಲಿ ಬಸ್ಸು, ಆಟೊಗಳ ನಡುವೆ ಅವನು ನುಗ್ಗುವುದನ್ನು ನೋಡಿದರೆ ಡ್ರಿಬ್ಲಿಂಗ್ ಬಗ್ಗೆ ಮಾಮ ಹೇಳಿದ್ದು ಸುಳ್ಳಲ್ಲ. ಎಲ್ಲರೂ ಯಾಕೆ ದಾರಿ ತಪ್ಪಿದರು ಅಂದರೆ ಮಾಮ ಮೂರು ಬೆರಳು ಮಡಚುತ್ತಾರೆ: ಮೊಣಕಾಲು, ಲವ್ವು, ಟ್ಯೂಷನ್ನು. ಮೊದಲೆರಡರಿಂದ ಚೇತರಿಸಿಕೊಂಡವರಿದ್ದಾರೆ. ಎಂಟನೇ ಕ್ಲಾಸಿನಲ್ಲಿ ಮೈದಾನವಾಳಿದವನು ಹತ್ತನೇ ಕ್ಲಾಸಿಗೆ ಬಂದಮೇಲೆ ಕಾಣುವುದೇ ಇಲ್ಲ. ಕರ್ನಾಟಕ ಕಂಡ ಅತ್ಯುತ್ತಮ ಡಿಫೆಂಡರ್ ಎಸ್ಸೆಸ್ಸೆಲ್ಸಿ. ಅದನ್ನು ದಾಟಿ ಹೋದ ಫಾರ್ವರ್ಡ್‌ಗಳು ಬಹಳ ಕಡಿಮೆ.

ಇನ್ನೊಂದು ಕಾರಣವನ್ನು ಮಾಮ ಮೆಲ್ಲಗೆ ಹೇಳುತ್ತಾರೆ. ಹಿಂದೆ ಹುಡುಗನ ಗುರಿ ಇಂಡಿಯಾ ಟೀಮ್ ಆಗಿರಲಿಲ್ಲ; ಐಟಿಐ, ಎಚ್‌ಎಎಲ್, ಬಿಇಎಂಎಲ್ ಆಗಿತ್ತು. ಚೆನ್ನಾಗಿ ಆಡಿದರೆ ಕಂಪನಿ ಟೀಮು, ಟೀಮಿನ ಜೊತೆಗೆ ಪರ್ಮನೆಂಟ್ ನೌಕರಿ, ನೌಕರಿಯ ಜೊತೆಗೆ ಕ್ಯಾಂಟೀನ್ ಊಟ, ಆಮೇಲೆ ಮದುವೆ. ದೂರವಾಣಿನಗರದಲ್ಲಿ ಐಟಿಐ ಶುರುವಾದದ್ದೂ ರಾಮನ್ ಗೋಲು ಹೊಡೆದ ಅದೇ 1948ರಲ್ಲಿ. ಅಮ್ಮಂದಿರೂ ಆಗ ಫುಟ್‌ಬಾಲನ್ನು ಆಟ ಅಂದುಕೊಳ್ಳದೆ ಅರ್ಜಿ ಅಂದುಕೊಂಡಿದ್ದರು. ಕಂಪನಿ ಟೀಮುಗಳು ಸೊರಗಿದ ಮೇಲೆ ಆ ಏಣಿಯ ನಡುವಿನ ಮೆಟ್ಟಿಲುಗಳು ಹೋದವು. ಈಗ ಕೆಳಗೆ ಬೇಸಿಗೆ ಶಿಬಿರ, ಮೇಲೆ 2013ರಲ್ಲಿ ಹುಟ್ಟಿದ ಬೆಂಗಳೂರು ಎಫ್‌ಸಿ. ನಡುವೆ ಹುಡುಗ ಗಾಳಿಯಲ್ಲಿ ಕಾಲಿಡಬೇಕು.

ಒಂದು ಬೆಳಗ್ಗೆ ಮಾಮನನ್ನು ನಾನು ಬಹಳ ಹತ್ತಿರದಿಂದ ನೋಡಿದೆ. ಶಿಬಿರದ ಹುಡುಗನೊಬ್ಬ ಹೊಡೆದ ಚೆಂಡು ಗೆರೆ ದಾಟಿ, ತಮ್ಮನ ಚಪ್ಪಲಿ ಕಾಯುತ್ತ ಕೂತಿದ್ದ ಎರಡು ಜಡೆಯ ಹುಡುಗಿಯ ಕಡೆಗೆ ಬಂತು. ಅವಳು ಎದ್ದು ನಿಲ್ಲುವ ಮುಂಚೆ ಒಮ್ಮೆ ಮೈದಾನದ ಕಡೆ ಕಣ್ಣು ಹಾಯಿಸಿದಳು, ಎಡಗಾಲಿನ ಒಳಬದಿಯಿಂದ ಚೆಂಡು ನಿಲ್ಲಿಸಿದಳು, ಅದೇ ಕಾಲಿನಿಂದ ಮೂವರನ್ನು ದಾಟಿಸಿ ನೇರ ಕೋಚ್‌ನ ಪಾದಕ್ಕೆ ಕಳಿಸಿದಳು. ಮತ್ತೆ ಚಪ್ಪಲಿ ಪಕ್ಕ ಕೂತಳು. ಇಡೀ ಮೈದಾನದಲ್ಲಿ ಅದನ್ನು ಕಂಡವರು ಮಾಮ ಒಬ್ಬರೇ. ಟೀ ಲೋಟ ಬಾಯಿಗೂ ಎದೆಗೂ ನಡುವೆ ನಿಂತಿತ್ತು. “ತ್ಚು” ಅನ್ನಲಿಲ್ಲ. “ಇಂಡಿಯಾ ಆಡ್ತಾಳೆ” ಅಂತಲೂ ಅನ್ನಲಿಲ್ಲ. ಸ್ಕೂಟರಿನಿಂದ ಇಳಿದು ಹೋಗಿ, “ನಿಮ್ಮಮ್ಮ ಎಲ್ಲಮ್ಮಾ?” ಎಂದು ಕೇಳಿದರು. ಮರುವಾರ ಆ ಹುಡುಗಿ ಗೆರೆಯ ಒಳಗಿದ್ದಳು, ಚಪ್ಪಲಿ ಕಾಯಲು ತಮ್ಮ ಕೂತಿದ್ದ. ಫೀಸು ಯಾರು ಕಟ್ಟಿದರು ಎಂದು ಕೇಳಿದರೆ ಮಾಮ 1962ರ ಜಕಾರ್ತಕ್ಕೆ ಹೋಗಿಬಿಟ್ಟರು.

ಮಾಮನ ಭವಿಷ್ಯವಾಣಿಗೆ ಬೆಲೆಯಿಲ್ಲ. ನೂರಕ್ಕೆ ತೊಂಬತ್ತೊಂಬತ್ತು ಹುಸಿ, ಉಳಿದ ಒಂದು ಬೇರೆ ಮಾಮ ಹೇಳಿದ್ದು. ಬೆಲೆಯಿರುವುದು ಅವರ ಹಾಜರಿಗೆ. ಕೋಚ್‌ಗೆ ನಲವತ್ತು ಮಕ್ಕಳು, ಅಪ್ಪನಿಗೆ ಒಬ್ಬನೇ ಮಗ. ಆಟವನ್ನೇ ನೋಡುವವರು ಬೇರೆ ಯಾರಿದ್ದಾರೆ? ಆದ್ದರಿಂದ ಈ ಏಪ್ರಿಲ್‌ನಲ್ಲಿ ನಿಮ್ಮ ಮಗುವನ್ನು ಹಲಸೂರು, ಆಸ್ಟಿನ್ ಟೌನ್ ಕಡೆಯ ಶಿಬಿರಕ್ಕೆ ಸೇರಿಸಿದರೆ ಗೆರೆಯಾಚೆ ಸ್ಕೂಟರಿನ ಮೇಲೆ ಯಾರಾದರೂ ಕೂತಿದ್ದಾರೋ ನೋಡಿಕೊಳ್ಳಿ. ಇದ್ದರೆ ಒಂದು ಟೀ ಕೊಡಿಸಿ, ಮಗು ಹೇಗೆ ಆಡುತ್ತದೆ ಎಂದು ಮಾತ್ರ ಕೇಳಬೇಡಿ.